ಮೂರು ವರ್ಷದ ಹಳೇ ಜೋಳ

ಆ ಸೋಮವಾರ ನನ್ನ ಗಂಡನಿಗೆ ವಾರದ ರಜೆ. ಬೇರೆ ಮನೆಯ ಗಂಡಸರು ರಜೆಯ ದಿನ ಸಿನಿಮಾಕ್ಕೆ ಹೋಗುತ್ತಾರೆ, ಇಲ್ಲದಿದ್ದರೆ ಮಧ್ಯಾಹ್ನದವರೆಗೆ ಮಲಗುತ್ತಾರೆ. ನಮ್ಮ ಮನೆಯವರು ಬರೀ ಬನಿಯನ್ನಿನಲ್ಲಿ ನಿಂತು ಜೋಳದ ಚೀಲಗಳ ಜಾಗ ಬದಲಿಸುತ್ತಿದ್ದರು. ಗೋಡೆಯ ಕಡೆ ಇದ್ದದ್ದನ್ನು ಬಾಗಿಲ ಕಡೆಗೆ ಎಳೆಯುವುದು, ಹೊಸದಾಗಿ ಬಂದದ್ದನ್ನು ಗೋಡೆಯ ಕಡೆಗೆ ನೂಕುವುದು. ಬಳ್ಳಾರಿಯಲ್ಲಿ ಗುಡ್ಡದ ಕೆಳಗಿನ ಓಣಿಯಲ್ಲಿ ನಮ್ಮದು ಅಡುಗೆಮನೆ ಬಿಟ್ಟು ಎರಡು ಕೋಣೆಯ ಬಾಡಿಗೆ ಮನೆ. ಒಂದು ಕೋಣೆಯಲ್ಲಿ ಕಾಳು ಇತ್ತು. ಇನ್ನೊಂದಾದ ನಡುಮನೆಯಲ್ಲಿ, ಕಾಳಿನ ಕೃಪೆಯಿಂದ, ನಾವಿಬ್ಬರು ಇದ್ದೆವು. ಮಕ್ಕಳಿರಲಿಲ್ಲ. ಇಬ್ಬರ ಹೊಟ್ಟೆಗೆ ಎಷ್ಟು ಜೋಳ ಬೇಕು ಎಂದು ಯಾರಾದರೂ ಕೇಳಿದರೆ ಅವರು, "ಇಬ್ರು ಅಂತ ಯಾರು ಹೇಳಿದ್ರು? ಮಂದಿ ಬಂದ್ರ?" ಎನ್ನುತ್ತಿದ್ದರು. ಯಾವ ಮಂದಿ, ಯಾವಾಗ ಬರುತ್ತಾರೆ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

ಹಿಂದಿನ ದಿನವಷ್ಟೇ ಕುರುಗೋಡಿನಿಂದ ಬಸ್ಸಿನ ಮೇಲೆ ಹೊಸ ಬಿಳಿ ಜೋಳ ಬಂದಿತ್ತು. ಶಿವರಾತ್ರಿ ಮುಗಿದಿತ್ತು, ಎರೆ ಹೊಲಗಳಲ್ಲಿ ಸುಗ್ಗಿಯ ರಾಶಿ ನಡೆದಿತ್ತು. ನಾನು ಚೀಲದ ಬಾಯಿಯಲ್ಲಿ ಕೈ ಹಾಕಿ ಒಂದು ಹಿಡಿ ತೆಗೆದು ನೋಡಿದೆ. ಕಾಳು ದುಂಡಗೆ, ಹಲ್ಲಿನಂತೆ ಹೊಳೆಯುತ್ತಿತ್ತು. ಅವರು ನನ್ನ ಕೈಯಿಂದ ಕಾಳನ್ನು ತೆಗೆದುಕೊಂಡು ಮತ್ತೆ ಚೀಲಕ್ಕೇ ಹಾಕಿ, ದಬ್ಬಣ ತಂದು ಸುತಳಿಯಿಂದ ಬಾಯಿ ಹೊಲಿದುಬಿಟ್ಟರು.

"ಇದು ಯಾವಾಗ ಬಿಚ್ಚೂದರಿ?" ಎಂದೆ.

"ಇದರ ಸರದಿ ಬಂದಾಗ. ಮುಂದ ಎಷ್ಟು ಅದಾವ ನೋಡು. ಮೊದಲು ಹತ್ತಿದವರು ಮೊದಲು ಇಳೀಬೇಕು."

ಅವರು ಖಾಸಗಿ ಬಸ್ಸಿನ ಕಂಡಕ್ಟರ್. ಒಂದು ದಿನ ಕುರುಗೋಡಿನ ಕಡೆ, ಒಂದು ದಿನ ಸಿರುಗುಪ್ಪದ ಕಡೆ. ಅವರ ಮಾತೆಲ್ಲ ಬಸ್ಸಿನದೇ.

"ಯಾವ ಬಸ್ಸಿನ್ಯಾಗರೀ ಮೊದಲು ಹತ್ತಿದವರು ಮೊದಲು ಇಳೀತಾರ? ಅವರವರ ಊರು ಬಂದಾಗ ಇಳೀತಾರ" ಎಂದೆ.

ಅವರು ದಬ್ಬಣವನ್ನು ಗೂಡಿನಲ್ಲಿಟ್ಟು ಇನ್ನೊಂದು ಚೀಲಕ್ಕೆ ಕೈ ಹಾಕಿದರು. ಮದುವೆಯಾದ ಹದಿಮೂರು ವರ್ಷದಲ್ಲಿ ನಾನು ಗೆದ್ದ ವಾದ ಅದೊಂದೇ ಇರಬೇಕು. ಅದರಿಂದ ಚೀಲವೇನೂ ಬಿಚ್ಚಲಿಲ್ಲ.

ಜೋಳದ ರೊಟ್ಟಿ ಮಾಡುವವರಿಗೆ ಇದನ್ನು ಹೇಳಬೇಕಿಲ್ಲ, ಮಾಡದವರಿಗಾಗಿ ಹೇಳುತ್ತೇನೆ. ಹೊಸ ಜೋಳದ ಹಿಟ್ಟಿಗೆ ತಾನಾಗಿಯೇ ಜಿಗಿ ಇರುತ್ತದೆ. ತಣ್ಣೀರು ಹಾಕಿ ನಾದಿದರೂ ಕೈಯ ಮಾತು ಕೇಳುತ್ತದೆ, ಹಲಗೆಯ ಮೇಲೆ ತಟ್ಟಿದಷ್ಟೂ ಅಗಲವಾಗುತ್ತದೆ. ಜೋಳ ಹಳೆಯದಾದಂತೆ ಜಿಗಿ ಹೋಗುತ್ತದೆ. ಆಗ ಕುದಿಯುವ ಎಸರು ಹಾಕಬೇಕು, ಹೆಚ್ಚು ನಾದಬೇಕು, ದೇವರನ್ನು ನೆನೆಯಬೇಕು. ಮೂರು ವರ್ಷದ ಜೋಳಕ್ಕೆ ದೇವರೂ ಏನೂ ಮಾಡಲಾರ. ಹಲಗೆಯಿಂದ ಹಂಚಿಗೆ ಹಾಕುವಷ್ಟರಲ್ಲಿ ಅಂಚು ಬಿರಿಯುತ್ತದೆ, ತಿರುವಿ ಹಾಕುವಾಗ ನಡುವೆ ಸೀಳುತ್ತದೆ, ತಾಟಿಗೆ ಬೀಳುವಾಗ ಚೂರು ಚೂರು.

ಮದುವೆಗೆ ಮೊದಲು ಕುರುಗೋಡಿನಲ್ಲಿ ನನ್ನ ರೊಟ್ಟಿಗೆ ಹೆಸರಿತ್ತು. ಏಳನೇ ಇಯತ್ತೆಗೇ ಸಾಲಿ ಬಿಟ್ಟವಳಿಗೆ ಹೆಸರು ಬರಲು ಬೇರೆ ದಾರಿಯೂ ಇರಲಿಲ್ಲ. ಓಣಿಯಲ್ಲಿ ಯಾರ ಮನೆಯಲ್ಲಿ ಕಾರ್ಯವಿದ್ದರೂ ನನ್ನನ್ನು ಕರೆದು ಹಲಗೆಯ ಮುಂದೆ ಕೂರಿಸುತ್ತಿದ್ದರು. ಬಳ್ಳಾರಿಗೆ ಸೊಸೆಯಾಗಿ ಬಂದ ಮೊದಲ ವಾರದಲ್ಲೇ ಆ ಹೆಸರು ಹೋಯಿತು. ಪಕ್ಕದ ಮನೆಯ ಚಾಚಿ ಸಂಜೆ ಬಂದು ನನ್ನ ರೊಟ್ಟಿಯ ಬುಟ್ಟಿ ನೋಡಿ, "ಅರೇ, ಇದೇನವ್ವಾ, ಹಪ್ಪಳ ಮುರಿದು ಇಟ್ಟೀಯೇನು?" ಎಂದಳು. ನಾನು ನಕ್ಕೆ. ನಮ್ಮ ಮನೆಯ ಜೋಳ ಮೂರು ವರ್ಷದ್ದು ಎಂದು ಹೇಳಿದರೆ ಗಂಡನ ಮರ್ಯಾದೆ ಹೋಗುತ್ತದೆ, ಹೇಳದಿದ್ದರೆ ನನ್ನದು. ಮದುವೆಯಾಗಿ ವಾರವಷ್ಟೇ ಆಗಿತ್ತು, ನನ್ನದನ್ನೇ ಬಿಟ್ಟುಕೊಟ್ಟೆ.

ಅಂದಿನಿಂದ ನನಗಿದ್ದ ಆಸೆ ದೊಡ್ಡದೇನಲ್ಲ. ಬಂಗಾರ ಕೇಳಲಿಲ್ಲ, ಸ್ವಂತ ಮನೆ ಕೇಳಲಿಲ್ಲ. ಹೊಸ ಜೋಳದ ಒಂದು ರೊಟ್ಟಿಯನ್ನು ನಮ್ಮ ಮನೆಯ ಒಲೆಯ ಮೇಲೆ ಮಾಡಬೇಕು, ಅದು ಇಡಿಯಾಗಿ ಅವರ ತಾಟಿಗೆ ಬೀಳಬೇಕು, ನನ್ನ ಕೈ ಎಂಥದು ಎಂದು ಅವರಿಗೆ ಒಮ್ಮೆ ಗೊತ್ತಾಗಬೇಕು. ಅಷ್ಟೇ. ಆದರೆ ನಮ್ಮ ಮನೆಯಲ್ಲಿ ಹೊಸ ಜೋಳ ಎಂಬುದು ನೋಡುವ ವಸ್ತು, ತಿನ್ನುವ ವಸ್ತು ಅಲ್ಲ. ಅದು ತಿನ್ನಲು ಯೋಗ್ಯವಾಗಿರುವಷ್ಟು ದಿನ ಕಾಪಾಡುತ್ತಿದ್ದೆವು. ಕೆಟ್ಟ ಮೇಲೆ ತಿನ್ನುತ್ತಿದ್ದೆವು. ಪ್ರತಿ ವರ್ಷ ಒಳ್ಳೆಯ ಜೋಳ ಕೊಂಡು, ಪ್ರತಿ ವರ್ಷ ಹುಳ ಹಿಡಿದ ಜೋಳ ತಿಂದ ಮನೆ ಬಳ್ಳಾರಿಯಲ್ಲಿ ಇನ್ನೊಂದು ಇದ್ದಿರಲಾರದು.

ಸಿರುಗುಪ್ಪದ ಅಕ್ಕಿಗೂ ಅದೇ ಗತಿ. ಅಕ್ಕಿ ಒಂದು ವರ್ಷ ಹಳತಾದರೆ ಅನ್ನ ಉದುರಾಗುತ್ತದೆ, ಅದು ಎಲ್ಲರಿಗೂ ಗೊತ್ತು. ನಮ್ಮ ಮನೆಗೆ ಒಂದು ವರ್ಷ ಸಾಲುತ್ತಿರಲಿಲ್ಲ. ಬೇವಿನ ಸೊಪ್ಪು, ಬೂದಿ, ಒಣ ಮೆಣಸಿನಕಾಯಿ, ಎಲ್ಲ ಹಾಕಿ ಕಾಯ್ದಿಟ್ಟ ಅಕ್ಕಿ ಎಸರಿಗೆ ಬೀಳುವ ಹೊತ್ತಿಗೆ ಅದಕ್ಕೆ ಬೇವಿನ ವಾಸನೆ, ಮುಗ್ಗಿನ ವಾಸನೆ, ಗೋಣಿಯ ವಾಸನೆ ಎಲ್ಲ ಇರುತ್ತಿತ್ತು. ಅನ್ನದ ವಾಸನೆ ಒಂದು ಬಿಟ್ಟು. ಬಿದಿರು ಹೆಣೆದು ಸಗಣಿ ಸಾರಿಸಿದ, ಅಕ್ಕಿ ತುಂಬುವ ಗುಮ್ಮಿಯೊಂದು ಮೂಲೆಯಲ್ಲಿತ್ತು. ನನಗಿಂತ ಎತ್ತರ, ನನಗಿಂತ ಹೆಚ್ಚು ಆರೈಕೆ ಅದಕ್ಕೆ.

ಇದೆಲ್ಲ ಎಲ್ಲಿಂದ ಬಂತು ಎಂದು ಅವರು ಎಂದೂ ಹೇಳಲಿಲ್ಲ. ಸಿರುಗುಪ್ಪಕ್ಕೆ ಕೊಟ್ಟಿದ್ದ ಅವರ ಅಕ್ಕ ಹೇಳಿದರು. ಅರವತ್ತರ ದಶಕದ ನಡುವೆ ಕಾಳಿಗೆ ಅಭಾವ ಬಂದಾಗ, ರೇಷನ್ ಅಂಗಡಿಯ ಮುಂದೆ ಚೀಲ ಹಿಡಿದು ನಿಂತ ಕಾಲದಲ್ಲಿ, ಆ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಹೇಳದೆ ಬಂದುಬಿಟ್ಟರಂತೆ. ಮನೆಯಲ್ಲಿ ಅಕ್ಕಿ ಇರಲಿಲ್ಲ. ನನ್ನ ಅತ್ತೆ ಹಿತ್ತಲಿನಿಂದ ಹೋಗಿ ಮೂರು ಮನೆಯಲ್ಲಿ ಒಂದೊಂದು ಪಾವು ಕಡ ತಂದು, ಮೂರನ್ನೂ ಒಂದೇ ಪಾತ್ರೆಗೆ ಹಾಕಿದರು. ಒಂದು ಅಕ್ಕಿ ಗಂಜಿಯಾಯಿತು, ಒಂದು ಬೆಂದಿತು, ಇನ್ನೊಂದು ಕಲ್ಲಿನಂತೆ ಹಾಗೇ ಉಳಿಯಿತು.

"ನಮ್ಮ ಮಾವಾರು ತುತ್ತು ಬಾಯಾಗಿಟ್ಕೊಂಡು, 'ಏನವ್ವಾ, ನಿಮ್ಮ ಮನ್ಯಾಗ ಅನ್ನಕ್ಕ ಎಲುಬು ಇರ್ತಾವೇನು?' ಅಂತ ಕೇಳಿದ್ರು ನೋಡು" ಎಂದು ಅಕ್ಕ ನಕ್ಕು ನಕ್ಕು ಹೇಳುತ್ತಿದ್ದರು. "ಎಲ್ಲಾರೂ ನಕ್ಕರು. ನಾನೂ ನಕ್ಕೆ. ಇಂವ ಮಾತ್ರ ಬಾಗಲ ಹಿಂದ ನಿಂತು ಅತ್ತ."

ಮದುವೆ ಆಯಿತು, ಅಕ್ಕ ಸುಖವಾಗಿದ್ದರು, ಅವರ ಮಾವ ಕೊನೆಯವರೆಗೆ ಅನ್ನದ ಎಲುಬಿನ ಮಾತಾಡಿ ನಗಿಸಿ ಹೋದರು. ಎಲ್ಲರಿಗೂ ಅದು ಮುಗಿದ ಕತೆ. ನಮ್ಮ ಮನೆಯವರಿಗೆ ಮಾತ್ರ ಆ ಗಂಡಿನ ಕಡೆಯವರು ಇನ್ನೂ ಬಾಗಿಲಲ್ಲೇ ನಿಂತಿದ್ದರು. ಅವರಿಗಾಗಿ ಹದಿನಾಲ್ಕು ಚೀಲ.

ಆಪತ್ತುಗಳು ಬರಲೇ ಇಲ್ಲ ಎನ್ನುವಂತಿಲ್ಲ. ಬಂದವು. ಆದರೆ ನಮ್ಮ ತಯಾರಿಯನ್ನು ನೋಡಿ ಬೇರೆ ದಾರಿಯಿಂದ ಬಂದವು. ಯುದ್ಧದ ಸುದ್ದಿ ಬಂದಾಗ ಅವರು ಎರಡು ಚೀಲ ಉಪ್ಪು ತಂದರು. ಬಳ್ಳಾರಿಯಲ್ಲಿ ಆ ವರ್ಷ ಉಪ್ಪು ಒಂದು ಬಿಟ್ಟು ಉಳಿದದ್ದೆಲ್ಲಕ್ಕೂ ಬೆಲೆ ಏರಿತು. ಉಪ್ಪು ಮಳೆಗಾಲದಲ್ಲಿ ನೀರಾಗಿ ಗೋಡೆಗೆ ಏರಿತು. ಇನ್ನೊಂದು ಸಲ ಮೂರು ದಿನ ಕರೆಂಟು ಹೋಯಿತು, ಗಿರಣಿ ನಿಂತಿತು. ಮನೆಯಲ್ಲಿ ಹದಿನಾಲ್ಕು ಚೀಲ ಕಾಳು, ಹಿಟ್ಟು ಒಂದು ಹಿಡಿ ಇಲ್ಲ. ಮೂರು ದಿನ ಅಂಗಡಿಯ ಮಂಡಕ್ಕಿ ತಂದು ಒಗ್ಗರಣೆ ಹಾಕಿ ತಿಂದೆವು. ಚಾಚಿ ಬಾಗಿಲಲ್ಲಿ ನಿಂತು, "ಸಾವ್ಕಾರ್ರ ಮನ್ಯಾಗ ಮಂಡಕ್ಕಿ ಏನವ್ವಾ!" ಎಂದು ಕೇಳಿ ಹೋದಳು. ನಾಲ್ಕನೆಯ ದಿನ ಕರೆಂಟು ಬಂತು, ಅವರು ಬೀಸುವ ಕಲ್ಲು ತಂದರು. ಮುಂದಿನ ಸಲಕ್ಕೆ ತಯಾರಿ. ಬೀಸುವವಳು ಯಾರು ಎಂದು ನಾನು ಕೇಳಲಿಲ್ಲ, ಗೊತ್ತೇ ಇತ್ತು. ಸೀಮೆಎಣ್ಣೆ ತೀರಿತು, ನಳದ ನೀರು ನಿಂತಿತು, ಒಮ್ಮೆ ನನಗೆ ಜ್ವರ ಬಂದು ಎಂಟು ದಿನ ಮಲಗಿದೆ. ಯಾವುದಕ್ಕೂ ಜೋಳ ಔಷಧಿಯಾಗಲಿಲ್ಲ.

ಒಮ್ಮೆ ನನ್ನ ಆಸೆ ಈಡೇರಿತು ಎಂದುಕೊಂಡಿದ್ದೆ. ಆ ವರ್ಷ ರಾಶಿಯ ಕಾಲಕ್ಕೆ ತವರಿಗೆ ಹೋಗಿದ್ದೆ. ಅವರ ಬಸ್ಸು ಕುರುಗೋಡಿನಲ್ಲಿ ಹತ್ತು ನಿಮಿಷ ನಿಲ್ಲುತ್ತಿತ್ತು. ಬೆಳಿಗ್ಗೆ ಎದ್ದು, ಅಂದು ತಾನೇ ಗಿರಣಿಯಿಂದ ತಂದ ಹೊಸ ಜೋಳದ ಹಿಟ್ಟಿನಲ್ಲಿ ಎಂಟು ರೊಟ್ಟಿ ಮಾಡಿದೆ. ಎಂಟೂ ಹಂಚಿನ ಮೇಲೆ ಗಾಳಿ ತುಂಬಿದ ಪುಗ್ಗೆಯಂತೆ ಉಬ್ಬಿದವು. ಎಣ್ಣೆಗಾಯಿ, ಶೇಂಗಾ ಚಟ್ನಿ ಇಟ್ಟು ಬಿಳಿ ಬಟ್ಟೆಯಲ್ಲಿ ಕಟ್ಟಿದೆ. ಗಂಡನ ಬಸ್ಸಿಗೆ ಮಗಳು ಓಡಿ ಹೋದರೆ ಜನ ಏನಂದಾರು ಎಂದು ಅವ್ವ ತಾನೇ ಗಂಟು ಹಿಡಿದು ಹೋದಳು. ನಾನು ಮನೆಯಲ್ಲಿ ಕೂತೆ.

ವಾರದ ನಂತರ ಬಳ್ಳಾರಿಗೆ ಬಂದಾಗ ಅವರು ಮೊದಲು ಹೇಳಿದ್ದು ಇದನ್ನೇ:

"ಏನs ಹೇಳು, ನಿಮ್ಮವ್ವನ ಕೈ ಅಂದ್ರ ಕೈ. ಡ್ರೈವರ್ರೂ ಎರಡು ತಿಂದ್ರು. ಅಂಥ ರೊಟ್ಟಿ ನಾ ತಿಂದಿದ್ದಿಲ್ಲ. ನೀನು ಅವರ ಹೊಟ್ಟ್ಯಾಗ ಹುಟ್ಟಿ ಹೆಂಗ ಕಲೀಲಿಲ್ಲ?"

ಹೇಳಬಹುದಿತ್ತು. ಒಂದೇ ಮಾತು. ಆದರೆ ಅದನ್ನು ಬಾಯಿಂದ ಹೇಳಲು ಮನಸ್ಸಾಗಲಿಲ್ಲ. ರೊಟ್ಟಿಯೇ ಹೇಳಲಿ, ನಮ್ಮ ಮನೆಯಲ್ಲೇ ಹೇಳಲಿ ಎಂದುಕೊಂಡೆ. ನನ್ನ ಬಳಿಯೂ ಕೂಡಿಡುವ ಬುದ್ಧಿ ಇತ್ತು ಎಂದು ಈಗ ತಿಳಿಯುತ್ತದೆ. ಅವರು ಕಾಳು ಕೂಡಿಟ್ಟರು, ನಾನು ಮಾತು.

ಈಗ ಆ ಸೋಮವಾರಕ್ಕೆ ಬರುತ್ತೇನೆ. ಚೀಲ ಜೋಡಿಸಿ ಬೆವರು ಒರೆಸಿಕೊಂಡು ಅವರು ಊಟಕ್ಕೆ ಕೂತರು. ನಾನು ಹಂಚಿನಿಂದ ತೆಗೆದ ರೊಟ್ಟಿ ತಾಟಿಗೆ ಬೀಳುವಷ್ಟರಲ್ಲಿ ಐದು ತುಂಡಾಯಿತು.

"ಎಣಿಸ್ರಿ. ಒಂದು ಹಾಕಿದ್ರ ಐದು ಆಗ್ಯಾವ. ನಿಮ್ಮ ಜ್ವಾಳ ಹಂಗs ಬೆಳಿತಾವ ನೋಡ್ರಿ" ಎಂದೆ.

ಅವರು ತಾಟು ನೋಡಿದರು, ನನ್ನನ್ನು ನೋಡಿದರು, ನಕ್ಕುಬಿಟ್ಟರು. ತುಂಡುಗಳನ್ನು ಪಲ್ಯದಲ್ಲಿ ಅದ್ದಿ ತಿನ್ನುತ್ತಾ, "ಆತು ಬಿಡು. ಬರೋ ಸೋಮವಾರ ಆ ಹೊಸ ಚೀಲ ಬಿಚ್ಚು. ನಾನೂ ಮನ್ಯಾಗs ಇರ್ತೀನಿ. ನಿನ್ನ ಕೈಯಾಗ ಏನೈತಿ ನೋಡೇಬಿಡೂನು" ಎಂದರು.

ಹದಿಮೂರು ವರ್ಷ ಕಾದವಳು ಏಳು ದಿನಕ್ಕೆ ಯಾಕೆ ಆತುರಪಡಲಿ? "ಆಗ್ಲಿ" ಎಂದೆ. ಆಗಲೇ ಸುತಳಿ ಕತ್ತರಿಸಿದ್ದರೆ ಸಂಜೆಯೊಳಗೆ ಹಿಟ್ಟಾಗುತ್ತಿತ್ತು. ಗಿರಣಿ ನಮ್ಮ ಓಣಿಯ ತಿರುವಿನಲ್ಲೇ ಇತ್ತು, ಕರೆಂಟೂ ಇತ್ತು.

ಮರುದಿನ ಸಿರುಗುಪ್ಪದ ಪಾಳಿ. ಊರು ಬಿಟ್ಟು ಸ್ವಲ್ಪ ದೂರ ಹೋದ ಮೇಲೆ ಎದೆ ಹಿಡಿದುಕೊಂಡು ಸೀಟಿನಲ್ಲಿ ಕೂತರಂತೆ. ಡ್ರೈವರು ಜನರಿದ್ದ ಬಸ್ಸನ್ನೇ ಬಳ್ಳಾರಿಯ ಆಸ್ಪತ್ರೆಗೆ ತಿರುಗಿಸಿದರು. ಯಾರೂ ಗೊಣಗಲಿಲ್ಲ, ಯಾರೂ ಇಳಿಯಲಿಲ್ಲ. ಆಸ್ಪತ್ರೆ ಮುಟ್ಟುವ ಮೊದಲೇ ಅವರು ಹೋಗಿದ್ದರು. ಇದನ್ನು ಡ್ರೈವರು ನಮ್ಮ ಬಾಗಿಲಲ್ಲಿ ನಿಂತು, ಟವೆಲ್ಲು ಬಾಯಿಗಿಟ್ಟುಕೊಂಡು ಹೇಳಿದರು. ನಾನು ಆಗ ಒಲೆಯ ಮೇಲೆ ಬೇಳೆ ಇಟ್ಟಿದ್ದೆ. ಚಾಚಿ ಒಳಗೆ ಬಂದು ಒಲೆಗೆ ನೀರು ಹಾಕಿದಳು.

ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಇದು ನಮ್ಮ ಕಡೆಯ ರೂಢಿ, ಒಳ್ಳೆಯ ರೂಢಿಯೇ ಇರಬೇಕು. ಅದರಿಂದ ಏನಾಯಿತೆಂದರೆ, ಮಂದಿ ಬಂದರೆ ಎಂದು ಹದಿಮೂರು ವರ್ಷ ಕಾದ ಮನೆಗೆ ಕೊನೆಗೂ ಮಂದಿ ಬಂದರು. ಕುರುಗೋಡಿನಿಂದ, ಸಿರುಗುಪ್ಪದಿಂದ, ಅವರ ಬಸ್ಸಿನಲ್ಲಿ ದಿನಾ ಓಡಾಡುವವರು ಕೂಡ, ಮನೆ ತುಂಬಿ ಓಣಿಯಲ್ಲೂ ಕೂತರು. ಒಳಗೆ ಹದಿನಾಲ್ಕು ಚೀಲ, ಗುಮ್ಮಿಯ ತುಂಬ ಅಕ್ಕಿ. ಬಂದವರಿಗೆಲ್ಲ ಊಟ ಓಣಿಯ ಮನೆಗಳಿಂದ ಬಂತು. ಬುಟ್ಟಿ ಬುಟ್ಟಿ ರೊಟ್ಟಿ ಬಂತು. ಚಾಚಿ ಬಾಳೆಹಣ್ಣು, ಹಾಲು ಕಳಿಸಿದಳು. ಇಂಥದೊಂದು ಅವಮಾನ ಆಗಬಾರದು ಎಂದೇ ಬದುಕಿಡೀ ದುಡಿದ ಮನುಷ್ಯ ನಡುಮನೆಯಲ್ಲಿ, ಸತ್ತವರನ್ನು ಕೂರಿಸುವ ನಮ್ಮವರ ಪದ್ಧತಿಯಂತೆ, ವಿಭೂತಿ ಹಚ್ಚಿಸಿಕೊಂಡು, ಹೂವಿನ ಹಾರ ಹಾಕಿಕೊಂಡು ಸುಮ್ಮನೆ ಕೂತಿದ್ದರು. ಎದ್ದು ಒಂದು ಚೀಲ ಬಿಚ್ಚಲಿಲ್ಲ.

ಮಣ್ಣು ಮುಗಿಸಿ ಬಂದ ಮೇಲೆ ಅಕ್ಕ ಕಾಳಿನ ಕೋಣೆಯ ಬಾಗಿಲು ತೆರೆದು ಅಲ್ಲೇ ನಿಂತುಬಿಟ್ಟರು.

"ಯವ್ವಾ ಯವ್ವಾ, ಇದನ್ನೆಲ್ಲಾ ಯಾರಿಗಿಟ್ಟಿದ್ದ ಇಂವ?"

"ನಿಮ್ಮನ್ನ ನೋಡಾಕ ಬಂದಿದ್ರಲ್ಲ ಅಕ್ಕಾರ, ಅವರಿಗೆ" ಎಂದೆ.

ಅಂಥ ಹೊತ್ತಿನಲ್ಲಿ ಅಂಥ ಮಾತು ನನ್ನ ಬಾಯಿಂದ ಬಂದದ್ದಕ್ಕೆ ನನಗೇ ಆಶ್ಚರ್ಯ. ಅಕ್ಕ ನಗಲು ಹೋಗಿ ಅತ್ತರು.

ಹನ್ನೊಂದನೆಯ ದಿನದ ಊಟಕ್ಕೆ ಎಲ್ಲವನ್ನೂ ಬಳಸುವುದು ಎಂದು ಹಿರಿಯರು ತೀರ್ಮಾನಿಸಿದರು. ಅವನ ಕಾಳು ಅವನ ಹೆಸರಿನಲ್ಲೇ ಸವೆಯಲಿ ಎಂದರು. ಹುಳ ತಿಂದ ಚೀಲಗಳನ್ನು ದನಕ್ಕೆ ಕೊಟ್ಟರು. ನಾವು ಆವರೆಗೂ ತಿನ್ನುತ್ತಿದ್ದದ್ದು ಅದನ್ನೇ ಎಂದು ನಾನು ಹೇಳಲು ಹೋಗಲಿಲ್ಲ. ಗೋಡೆಯ ಕಡೆಯ ಹೊಸ ಚೀಲ ಮೊದಲು ಹೊರಗೆ ಬಂತು. ಸರದಿ ಎಂಬ ಮಾತನ್ನು ಯಾರೂ ಎತ್ತಲಿಲ್ಲ. ಯಾರೋ ಕುಡುಗೋಲಿನಿಂದ ಸುತಳಿ ಹರಿದು ಗಿರಣಿಗೆ ಒಯ್ದು ಬೀಸಿಸಿದರು. ಹಿತ್ತಲಿನಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿ ಆರು ಜನ ಹೆಂಗಸರು ರೊಟ್ಟಿಗೆ ಕೂತರು. ನನ್ನನ್ನು ನಡುಮನೆಯ ಮೂಲೆಯಲ್ಲಿ ಕೂರಿಸಿದ್ದರು. ಕ್ರಿಯೆ ಮುಗಿಯುವ ತನಕ ನಾನು ಒಲೆಯ ಹತ್ತಿರ ಹೋಗಬಾರದು. ಅಲ್ಲಿ ಕೂತರೆ ಕಾಣುವುದಿಲ್ಲ, ಆದರೆ ಹಲಗೆಯ ಮೇಲೆ ಕೈ ಬಡಿಯುವ ಸದ್ದು ಕೇಳುತ್ತದೆ. ಒಂದು ಕೈಯಾದರೂ ಸರಿಯಾಗಿ ಬಡಿಯುತ್ತಿರಲಿಲ್ಲ. ಅವಸರದ ಕೈಗಳು.

ಅಕ್ಕ ಹತ್ತಿರ ಬಂದಾಗ ಸೆರಗು ಹಿಡಿದೆ.

"ಅಕ್ಕಾರ, ಎಡಿಗೆ ಇಡೂ ರೊಟ್ಟಿ ಒಂದs ಒಂದು ನಾ ಮಾಡ್ತೀನ್ರಿ."

"ಇವತ್ತು ಬ್ಯಾಡ ತಂಗಿ. ಮಂದಿ ನೋಡ್ತಾರ."

"ಒಂದs ರೀ."

"ಹುಚ್ಚಿ. ಇಷ್ಟು ಮಂದಿ ಮಾಡಾಕತ್ಯಾರ, ನಿನ್ನ ಒಂದು ರೊಟ್ಟಿ ಇಲ್ದ ಏನು ಕಡಿಮಿ ಆಗೈತಿ? ಸುಮ್ಮ ಕೂಡು."

ಕೂತೆ. ಸುಮ್ಮನೆ ಕೂರುವುದರಲ್ಲಿ ನನ್ನನ್ನು ಮೀರಿಸುವವರು ಯಾರೂ ಇಲ್ಲ. ಅವರ ಫೋಟೋದ ಮುಂದೆ ಎಡೆ ಇಟ್ಟರು. ಹೋಳಿಗೆ, ಅನ್ನ, ಪಲ್ಯ, ಅಂಚು ಸುಟ್ಟ ಎರಡು ರೊಟ್ಟಿ. ಉಂಡವರೆಲ್ಲ ಜೋಳವನ್ನು ಹೊಗಳಿದರು. "ಏನ್ ಜ್ವಾಳರೀ, ಎಷ್ಟು ಮೆತ್ತಗ!" ಎಂದು ಕೈ ತೊಳೆಯುತ್ತಾ ಹೇಳಿದರು. ಮಿಕ್ಕ ಕಾಳನ್ನು ಬಂದವರಿಗೆ ಹಂಚಿದರು. ದಿನ ಮುಳುಗುವುದರೊಳಗೆ ಕೋಣೆಯಲ್ಲಿ ಉಳಿದದ್ದು ಖಾಲಿ ಗುಮ್ಮಿ, ಬೀಸುವ ಕಲ್ಲು, ಒಂದಿಷ್ಟು ಬೇವಿನ ಎಲೆ. ಅಷ್ಟು ದೊಡ್ಡ ಕೋಣೆ ನಮ್ಮ ಮನೆಯಲ್ಲಿತ್ತು ಎಂದು ನನಗೆ ಅಂದೇ ಗೊತ್ತಾಯಿತು.

ಎಲ್ಲರೂ ಹೋದ ಮೇಲೂ ಅಕ್ಕ ಒಂದು ವಾರ ನನ್ನೊಂದಿಗೆ ಉಳಿದರು. ಒಂದು ಬೆಳಿಗ್ಗೆ ಅಡುಗೆಮನೆಯ ಡಬ್ಬಿಯ ಹಿಂದಿನಿಂದ ಒಂದು ಪುಟ್ಟ ಗಂಟು ತಂದು ನನ್ನ ಮುಂದಿಟ್ಟರು. ಎರಡು ಸೇರು ಹೊಸ ಜೋಳ.

"ಅವತ್ತು ನಿನ್ನ ಮಾರಿ ನೋಡಿ ತೆಗೆದಿಟ್ಟೆ. ಈಗ ಯಾರೂ ನೋಡಂಗಿಲ್ಲ. ಮಾಡು."

ಗಿರಣಿಗೆ ಹೋಗಿ ಬೀಸಿಕೊಂಡು ಬಂದೆ. ತಣ್ಣೀರು ಹಾಕಿ ನಾದಿದೆ. ಹಲಗೆಯ ತುಂಬ ಅಗಲ ಮಾಡಿ ಬಡಿದು, ಕೈಯ ಮೇಲೆ ಎತ್ತಿ ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿದೆ. ಉಬ್ಬಿತು. ಇಡಿಯಾಗಿ ಅಕ್ಕನ ತಾಟಿಗೆ ಬಿತ್ತು. ಅಕ್ಕ ಮುರಿದರು, ತಿಂದರು, ಇನ್ನೊಂದು ತುತ್ತು ಮುರಿಯುತ್ತಾ ಕಣ್ಣರಳಿಸಿದರು.

"ಯವ್ವಾ! ತಮ್ಮ ಬಂದಾಗೊಮ್ಮೆ ನಿಮ್ಮವ್ವನ ರೊಟ್ಟಿ ಸುದ್ದಿ ಹೇಳ್ತಿದ್ದ. ಆಕಿ ಕೈ ನಿನಗೂ ಬಂದೈತಿ ಬಿಡು."

ಅವ್ವನ ಕೀರ್ತಿ ಸಿರುಗುಪ್ಪದವರೆಗೂ ಹೋಗಿತ್ತು. ಅದಕ್ಕಾಗಿ ಅವಳು ಮಾಡಿದ್ದು ಒಂದು ಗಂಟು ಹಿಡಿದು ಬಸ್ ಸ್ಟ್ಯಾಂಡಿಗೆ ನಡೆದದ್ದು. ಆ ರೊಟ್ಟಿಗಳು ನಾನು ಮಾಡಿದವು ಎಂದು ಅಕ್ಕನಿಗೆ ಹೇಳಿದೆ. ಅವರು ಕೈಯಲ್ಲಿದ್ದ ತುತ್ತನ್ನು ತಾಟಿಗಿಟ್ಟರು. "ಅವಗ ಗೊತ್ತಿತ್ತೇನು?" ಎಂದು ಕೇಳಿದರು. ಇಲ್ಲ ಎಂದೆ. ಅವರು ಎರಡು ರೊಟ್ಟಿ ತಿಂದು ಎದ್ದರು.

ಈಗ ಜೋಳ ವಾರಕ್ಕೆ ಆಗುವಷ್ಟೇ ತರುತ್ತೇನೆ. ಅಂಗಡಿಯವನಿಗೆ ಹೊಸದೇ ಬೇಕು ಎಂದು ಜೋರು ಮಾಡುತ್ತೇನೆ. ಕಾಳಿನ ಕೋಣೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದೇನೆ. ಓಣಿಯಲ್ಲಿ ಮತ್ತೆ ನನ್ನನ್ನು ರೊಟ್ಟಿಗೆ ಕರೆಯುತ್ತಾರೆ. ಚಾಚಿ ದಿನಾ ಒಂದು ಇಸಿದುಕೊಂಡು ಹೋಗುತ್ತಾಳೆ, ಚೆನ್ನಾಗಿದೆ ಎನ್ನುತ್ತಾಳೆ, ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ.

ಅವರು ಹೇಳಿಲ್ಲ.